ಪದಚರ್ಚೆ: ‘ಚೋಕ್ ಹಾಕೋದು’, ‘ಚೋಕ್ ಆಗೋದು’ - ಹಳೇ ಬೈಕಿನ ಕಾರ್ಬೊರೇಟರ್ ಮಾತಿಗೆ ನಿಮ್ಮ ಕಡೆ ಏನಂತಾರೆ?

ಎಲ್ರಿಗೂ ನಮಸ್ಕಾರ. ಹಳೇ ಯೆಜ್ಡಿ, ಆರ್‌ಎಕ್ಸ್ 100 ಇಟ್ಕೊಂಡಿರೋ ಹುಡುಗ್ರಿಗೆ ಅಂತ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡೋ ಭಾಗ) ತೊಂದ್ರೆಗಳನ್ನ ಕನ್ನಡದಲ್ಲೇ ಬರೀತಾ ಇದೀನಿ, ಏನಾದ್ರೆ ಎಲ್ಲಿ ನೋಡ್ಬೇಕು ಅನ್ನೋ ತರ. ಜೆಟ್, ಫ್ಲೋಟ್, ಪ್ಲಗ್ ಇವೆಲ್ಲ ಹಂಗೇ ಇರ್ಲಿ, ಅವುಕ್ಕೆ ಹೊಸ ಹೆಸರು ಕಟ್ಟೋ ಆಸೆ ನಂಗಿಲ್ಲ. ನಾನು ಸಿಕ್ಕಿ ಹಾಕ್ಕೊಂಡಿರೋದು ಕ್ರಿಯಾಪದದಲ್ಲಿ, ಅದರಲ್ಲೂ ‘ಚೋಕ್’ ಅನ್ನೋ ಒಂದೇ ಪದದಲ್ಲಿ.

ಮೊನ್ನೆ ದಾವಣಗೆರೆಯಿಂದ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಅವನ ಆರ್‌ಎಕ್ಸ್ ನೂರು ಮಳೆಗಾಲ ಪೂರ್ತಿ ಮನೇಲೇ ನಿಂತಿತ್ತಂತೆ. ಈಗ ಕಿಕ್ ಹೊಡೆದ್ರೆ ಸ್ಟಾರ್ಟ್ ಆಗುತ್ತೆ, ಚೋಕ್ (ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡೋಕೆ ಎಳೆಯೋ ಲಿವರ್) ಹಾಕಿರೋವರೆಗೂ ಓಡುತ್ತೆ, ತೆಗೆದ ತಕ್ಷಣ ಆಫ್. ಮೆಕ್ಯಾನಿಕ್ಕಿಗೆ ಕೇಳಿದ್ರೆ ಅವರು ‘ಚೋಕ್ ಆಗಿರ್ಬೇಕು ನೋಡಪ್ಪಾ, ಬಿಚ್ಚಿ ಕ್ಲೀನ್ ಮಾಡ್ಬೇಕು’ ಅಂದ್ರಂತೆ. ಇವ್ನು ಚೋಕ್ ಲಿವರ್ರೇ ಹಾಳಾಗಿದೆ ಅನ್ಕೊಂಡು ಅದನ್ನ ಬಿಚ್ಚಿ, ಪೆಟ್ರೋಲಲ್ಲಿ ತೊಳೆದು, ಮತ್ತೆ ಹಾಕಿ, ‘ಅಣ್ಣಾ ಏನೂ ಸರಿ ಹೋಗ್ಲಿಲ್ಲ’ ಅಂತಾನೆ. ಮೆಕ್ಯಾನಿಕ್ ಹೇಳಿದ್ದು ಪೈಲಟ್ ಜೆಟ್ ವಿಷಯ.

ಇಲ್ಲಿ ಮಜಾ ಏನಂದ್ರೆ ಅದೇ ಲಕ್ಷಣದಲ್ಲಿ ಎರಡು ಚೋಕೂ ಇವೆ, ಒಂದಕ್ಕೊಂದು ಪೂರಾ ಉಲ್ಟಾ. ಗಾಡಿ ಸ್ಲೋ ನಿಲ್ಲೋಕೆ, ಅಂದ್ರೆ ರೇಸ್ ಕೊಡದೆ ಓಡೋಕೆ ಬೇಕಾದ ಪೆಟ್ರೋಲು ಪೈಲಟ್ ಜೆಟ್ಟಿನ ಸಣ್ಣ ತೂತಿಂದ ಬರುತ್ತೆ. ತಿಂಗಳಾನುಗಟ್ಟಲೆ ನಿಂತ ಪೆಟ್ರೋಲು ಆರಿ ಅಂಟಂಟಾಗಿ ಆ ತೂತಲ್ಲಿ ಕೂತ್ರೆ ಪೆಟ್ರೋಲ್ ಕಮ್ಮಿ ಆಗುತ್ತೆ. ಇದು ‘ಚೋಕ್ ಆಗೋದು’. ಲಿವರ್ ಎಳೆದ್ರೆ ಬೇರೆ ದಾರೀಲಿ ಪೆಟ್ರೋಲ್ ಜಾಸ್ತಿ ಆಗುತ್ತೆ. ಇದು ‘ಚೋಕ್ ಹಾಕೋದು’. ಅದಕ್ಕೇ ಜೆಟ್ ಚೋಕ್ ಆಗಿರೋ ಗಾಡಿ ಚೋಕ್ ಹಾಕಿದ್ರೆ ಮಾತ್ರ ಓಡುತ್ತೆ. ಈ ವಾಕ್ಯ ನೂರಕ್ಕೆ ನೂರು ಸರಿ, ಆದ್ರೆ ಹೊಸದಾಗಿ ಕಲಿಯೋನಿಗೆ ಒಂದಕ್ಷರ ಅರ್ಥ ಆಗಲ್ಲ.

ಅಷ್ಟಕ್ಕೇ ಮುಗಿಯಲ್ಲ. ಏರ್ ಫಿಲ್ಟರ್ ಚೋಕ್ ಆಗಿದೆ ಅಂದ್ರೆ ಗಾಳಿ ಕಮ್ಮಿ, ಪೆಟ್ರೋಲ್ ಪ್ರಮಾಣ ಜಾಸ್ತಿ, ಪ್ಲಗ್ ಬಿಚ್ಚಿ ನೋಡಿದ್ರೆ ಕಪ್ಪು ಮಸಿ. ಸೈಲೆನ್ಸರ್ ಚೋಕ್ ಆಗಿದೆ ಅಂದ್ರೆ ಹೊಗೆ ಹೊರಗೆ ಹೋಗ್ತಿಲ್ಲ, ಗಾಡಿ ಏರು ದಾರೀಲಿ ಎಳೆಯಲ್ಲ. ಟೂ ಸ್ಟ್ರೋಕಲ್ಲಿ ಆಯಿಲ್ಲೂ ಜೊತೇಲೇ ಉರಿಯೋದ್ರಿಂದ ಇದು ಮಾಮೂಲು, ಮೈಸೂರಲ್ಲಿ ತಯಾರಾಗ್ತಿದ್ದ ಜಾವಾ, ಯೆಜ್ಡಿ ಇಟ್ಕೊಂಡವರಿಗಂತೂ ಚೆನ್ನಾಗಿ ಗೊತ್ತಿರುತ್ತೆ. ಟ್ಯಾಂಕ್ ಮುಚ್ಚಳದ ಗಾಳಿ ತೂತು ಚೋಕ್ ಆದ್ರೆ ಇನ್ನೊಂದು ತರ, ಸ್ವಲ್ಪ ದೂರ ಚೆನ್ನಾಗಿ ಓಡಿ ಪೆಟ್ರೋಲ್ ಇಳೀದೆ ಆಫ್ ಆಗುತ್ತೆ, ಮುಚ್ಚಳ ತೆಗೆದ್ರೆ ಉಸ್ ಅಂತ ಗಾಳಿ ಎಳ್ಕೊಳ್ಳುತ್ತೆ, ಮತ್ತೆ ಓಡುತ್ತೆ. ಇದನ್ನ ಕಾರ್ಬೊರೇಟರ್ ತೊಂದ್ರೆ ಅಂತ ತಿಳ್ಕೊಂಡು ಸುಮ್ನೆ ಅದನ್ನ ಬಿಚ್ಚೋರು ಎಷ್ಟೋ ಜನ. ಒಂದೇ ಮಾತು, ಆದ್ರೆ ನೋಡ್ಬೇಕಾದ ಜಾಗ ಬೇರೆ ಬೇರೆ.

ನನ್ನ ಅಭಿಪ್ರಾಯ: ಲಿವರಿಗೆ ಮಾತ್ರ ‘ಚೋಕ್’ ಅಂತ ಬಿಟ್ಟು, ಉಳಿದ ಕಡೆ ‘ಕಟ್ಕೊಂಡಿದೆ’ ಅನ್ಬೇಕು. ಮೂಗು ಕಟ್ಟುತ್ತೆ, ಮೋರಿ ಕಟ್ಕೊಳ್ಳುತ್ತೆ, ಜೆಟ್ಟೂ ಕಟ್ಕೊಂಡಿದೆ ಅಂದ್ರೆ ಯಾರಿಗಾದ್ರೂ ತಕ್ಷಣ ತಿಳಿಯುತ್ತೆ. ಒಂದು ತೊಡಕಿದೆ. ‘ಪ್ಲಗ್ಗಿಗೆ ಮಸಿ ಕಟ್ಟಿದೆ’ ಅಂದಾಗ ಮಸಿ ಕೂತಿದೆ ಅಂತ ಅರ್ಥ, ‘ಸೈಲೆನ್ಸರ್ ಕಟ್ಟಿದೆ’ ಅಂದಾಗ ಮುಚ್ಚಿ ಹೋಗಿದೆ ಅಂತ. ‘ಸೈಲೆನ್ಸರಲ್ಲಿ ಮಸಿ ಕಟ್ಟಿದೆ’ ಅಂದ್ರೆ ಎರಡರಲ್ಲಿ ಯಾವ್ದು? ಸ್ವಲ್ಪ ಮಸಿ ಇದ್ರೆ ಏನೂ ಆಗಲ್ಲ, ಪೂರಾ ಮುಚ್ಚಿದ್ರೆ ಬಿಚ್ಚಿ ಸುಡ್ಬೇಕು. ಅದಕ್ಕೆ ಕೂತಿರೋದಕ್ಕೆ ‘ಕಟ್ಟಿದೆ’, ಮುಚ್ಚಿರೋದಕ್ಕೆ ‘ಕಟ್ಕೊಂಡಿದೆ’ ಅಂತ ಇಟ್ಕೋಬಹುದಾ? ನಮ್ಮ ಮೈಸೂರು ಕಡೆ ಕಿವಿಗೆ ಆ ವ್ಯತ್ಯಾಸ ಇದೆ ಅನ್ಸುತ್ತೆ, ಬೇರೆ ಕಡೆ ಇದ್ಯಾ ಗೊತ್ತಾಗ್ಬೇಕು.

ಇನ್ನೊಂದು, ‘ಚೋಕ್ ಓಪನ್ ಮಾಡು’. ಇದು ಇನ್ನೂ ಅಪಾಯದ್ದು. ಹಳೇ ಕಾರುಗಳಲ್ಲಿ ಇರೋ ತರ ಗಾಳಿ ದಾರಿಗೆ ಅಡ್ಡ ಒಂದು ತಗಡಿನ ಬಿಲ್ಲೆ ಇದ್ರೆ, ಓಪನ್ ಅಂದ್ರೆ ಚೋಕ್ ತೆಗೆದಂಗೆ. ಆರ್‌ಎಕ್ಸ್ 100 ರ ಮಿಕುನಿ ಕಂಪನಿ ಕಾರ್ಬೊರೇಟರ್ ತರದ್ರಲ್ಲಿ ಬಿಲ್ಲೇನೇ ಇಲ್ಲ, ಪೆಟ್ರೋಲ್ ಬರೋ ಒಂದು ಪ್ರತ್ಯೇಕ ಸಣ್ಣ ದಾರೀನ ಪ್ಲಂಜರ್ (ಮೇಲೆ ಕೆಳಗೆ ಆಡೋ ಸಣ್ಣ ಕಡ್ಡಿ) ಮುಚ್ಕೊಂಡಿರುತ್ತೆ, ಓಪನ್ ಅಂದ್ರೆ ಆ ದಾರಿ ತೆರೆಯೋದು, ಅಂದ್ರೆ ಚೋಕ್ ಹಾಕಿದಂಗೆ! ಹಾಗಾಗಿ ಬರೆಯೋವಾಗ ‘ಓಪನ್, ಕ್ಲೋಸ್’ ಬಿಟ್ಟು ‘ಹಾಕು, ತೆಗಿ’ ಅಂತಾನೇ ಬರೀತಿದೀನಿ. ಇದೇ ಜಾತಿ ಕಾರ್ಬೊರೇಟರಲ್ಲಿ ಚೋಕ್ ಹಾಕಿ ಕಿಕ್ ಹೊಡೆಯೋವಾಗ ರೇಸ್ ಕೊಡಬಾರ್ದು, ಆಕ್ಸಿಲೇಟರ್ ತಿರುಗಿಸಿದ್ರೆ ಆ ದಾರಿಗೆ ಎಳೆತ ಸಾಲದೆ ಚೋಕ್ ಕೆಲಸಾನೇ ಮಾಡಲ್ಲ. ಹಳೇ ಜಾವಾದಲ್ಲಿ ಕಾರ್ಬೊರೇಟರ್ ಮೇಲಿನ ಗುಂಡಿ ಒತ್ತಿ ಪೆಟ್ರೋಲ್ ಉಕ್ಕಿಸೋದು ಬೇರೇನೇ, ಅದಕ್ಕೆ ಎಲ್ರೂ ಟಿಕ್ಲರ್ ಅಂತಾರೆ, ಗೊಂದಲ ಇಲ್ಲ.

‘ಏರ್ ತಗೊಳ್ತಾ ಇದೆ’ ಅನ್ನೋದಕ್ಕೂ ನಿಮ್ಮ ಸಹಾಯ ಬೇಕು. ಕಾರ್ಬೊರೇಟರಿಗೂ ಇಂಜಿನ್ನಿಗೂ ಮಧ್ಯೆ ಇರೋ ರಬ್ಬರ್ ಬಿರುಕು ಬಿಟ್ಟು ಕಳ್ಳಗಾಳಿ ನುಗ್ಗಿದ್ರೂ ಅದೇ ಮಾತು, ಏರ್ ಸ್ಕ್ರೂ ಜಾಸ್ತಿ ಬಿಚ್ಚಿ ಗಾಳಿ ಹೆಚ್ಚಾಗಿದ್ರೂ ಅದೇ ಮಾತು. ಮೊದಲನೇದ್ರಲ್ಲಿ ಆಕ್ಸಿಲೇಟರ್ ಬಿಟ್ರೂ ರೇಸ್ ಬೇಗ ಇಳಿಯಲ್ಲ, ಸ್ಕ್ರೂ ಎಷ್ಟು ತಿರುಗಿಸಿದ್ರೂ ಸರಿ ಹೋಗಲ್ಲ, ರಬ್ಬರ್ರೇ ಬದಲಾಯಿಸ್ಬೇಕು. ಅದನ್ನ ಬಿಟ್ಟು ಓಡಿಸಿದ್ರೆ ಟೂ ಸ್ಟ್ರೋಕ್ ಪಿಸ್ಟನ್ ಬಿಸಿಯಾಗಿ ಹಿಡ್ಕೊಳ್ಳುತ್ತೆ, ಅದಕ್ಕೇ ಇಷ್ಟು ಹಠ ಮಾಡ್ತಿರೋದು. ಇದಕ್ಕೆ ‘ಕಳ್ಳಗಾಳಿ’ ಅಂತ ನಾನೇ ಬರ್ಕೊಂಡಿದೀನಿ, ಗ್ಯಾರೇಜಲ್ಲಿ ಯಾರಾದ್ರೂ ಹಾಗೆ ಅಂದಿದ್ದು ಕೇಳಿದೀರಾ?

ರಿಚ್, ಲೀನ್ ಅನ್ನೋದಕ್ಕೆ ‘ಸಮೃದ್ಧ’, ‘ಕೃಶ’ ಅಂತೆಲ್ಲ ಬರೆದ್ರೆ ಓದೋನು ಎದ್ದು ಹೋಗ್ತಾನೆ, ‘ಪೆಟ್ರೋಲ್ ಜಾಸ್ತಿ’, ‘ಪೆಟ್ರೋಲ್ ಕಮ್ಮಿ’ ಸಾಕು. ‘ಪೆಟ್ರೋಲ್ ಕುಡೀತಾ ಇದೆ’ ಅಂದ್ರೆ ಮಾತ್ರ ಮೈಲೇಜ್ ದೂರು.

ಅಂದ ಹಾಗೆ ತಮ್ಮನ ಗಾಡಿ ವಿಷಯ: ಜೆಟ್ ಬಿಚ್ಚಿ ಬೆಳಕಿಗೆ ಹಿಡಿದ್ರೆ ತೂತಲ್ಲಿ ಬೆಳಕೇ ಕಾಣ್ಲಿಲ್ಲವಂತೆ. ಪಿನ್ನು, ಸೂಜಿ ತೂರಿಸ್ಬೇಡ, ಹಿತ್ತಾಳೆ ಮೆತ್ತಗಿರುತ್ತೆ, ತೂತು ದೊಡ್ಡದಾದ್ರೆ ಜೆಟ್ ಹಾಳು, ಕಾರ್ಬೊರೇಟರ್ ಕ್ಲೀನರಲ್ಲಿ ನೆನೆಸಿ ಗಾಳಿ ಹೊಡಿ, ತೀರಾ ಬಿಡ್ಲಿಲ್ಲ ಅಂದ್ರೆ ಕರೆಂಟ್ ವೈರಿನ ತಾಮ್ರದ ಒಂದೇ ಎಳೆ ಸಾಕು ಅಂದೆ. ಚೋಕ್ ತೆಗೆದ್ರೂ ಸ್ಲೋ ನಿಲ್ತಿದೆ ಈಗ.

ಹುಬ್ಬಳ್ಳಿ, ಕಲಬುರಗಿ ಕಡೆಯವ್ರು, ಮಂಗಳೂರು ಕಡೆಯವ್ರು ದಯವಿಟ್ಟು ಬರೀರಿ. ಜೆಟ್ ಮುಚ್ಕೊಂಡಾಗ ನಿಮ್ಮೂರ ಮೆಕ್ಯಾನಿಕ್ ಏನಂತಾರೆ, ಜಾಮ್ ಅಂತಾರಾ, ಬ್ಲಾಕ್ ಅಂತಾರಾ, ಕಸ ಕೂತಿದೆ ಅಂತಾರಾ? ಬರೀ ಪದ ಬೇಡ, ಅವರ ಬಾಯಲ್ಲಿ ಬಂದ ವಾಕ್ಯ ಹಂಗೇ ಪೂರ್ತಿ ಕೊಡಿ, ಯಾವ ಊರು, ಯಾವ ಗಾಡಿ ಅಂತಾನೂ ಹಾಕಿದ್ರೆ ಇನ್ನೂ ಒಳ್ಳೇದು.