ಎಂಜಿನ್‌ಎಕ್ಸ್ ಪ್ಯಾಕೇಜಿಗೆ ಮಾಡ್ಯೂಲ್ ಸೇರಿಸೋದು ಹೇಗೆ? ಪ್ಯಾಕೇಜರ್ ಮೇಡಂ ಜೊತೆ ಪ್ರಶ್ನೋತ್ತರ

ಮಲ್ಲೇಶ್ವರ: ಮೇಡಂ, ಪುಟಗಳನ್ನು ಕುಗ್ಗಿಸಿ ಕಳಿಸುವ ಬ್ರಾಟ್ಲಿ ಮಾಡ್ಯೂಲ್ ಬೇಕು. ಅದಕ್ಕೆ ಇಡೀ ಎಂಜಿನ್‌ಎಕ್ಸ್ ವೆಬ್ ಸರ್ವರನ್ನೇ ಮತ್ತೆ ಬಿಲ್ಡ್ ಮಾಡಬೇಕಾ?

ಮೇಡಂ: ಬೇಡ. 2016ರಲ್ಲಿ ಬಂದ 1.9.11 ಆವೃತ್ತಿಯಿಂದ ಡೈನಾಮಿಕ್ ಮಾಡ್ಯೂಲ್ ಸೌಲಭ್ಯ ಇದೆ, ಅಂದರೆ ಮಾಡ್ಯೂಲನ್ನು ಬೇರೆ ಫೈಲಾಗಿ ಇಟ್ಟು ಬೇಕಾದರೆ ಲೋಡ್ ಮಾಡಬಹುದು. ನಿಮ್ಮಲ್ಲಿರುವ ಆವೃತ್ತಿಯ ಸೋರ್ಸನ್ನೇ ಇಳಿಸಿಕೊಳ್ಳಿ. 'ಎಂಜಿನ್‌ಎಕ್ಸ್ -ವಿ' (ದೊಡ್ಡ ವಿ) ಕೊಟ್ಟರೆ ಪ್ಯಾಕೇಜನ್ನು ಯಾವ ಆಯ್ಕೆಗಳಿಂದ ಬಿಲ್ಡ್ ಮಾಡಿದ್ದಾರೆ ಅಂತ ಕಾಣುತ್ತದೆ. ಅದೇ ಆಯ್ಕೆಗಳಿಗೆ ಆಡ್-ಡೈನಾಮಿಕ್-ಮಾಡ್ಯೂಲ್ ಸೇರಿಸಿ, 'ಮೇಕ್ ಮಾಡ್ಯೂಲ್ಸ್' ಕೊಡಿ. ಸಿಗುವ .ಎಸ್‌ಒ ಫೈಲನ್ನು ಬೇರೆ ಸಣ್ಣ ಪ್ಯಾಕೇಜ್ ಮಾಡಿ. ಎಂಜಿನ್‌ಎಕ್ಸ್‌ನ ಅದೇ ಆವೃತ್ತಿ ಬೇಕು ಅಂತ ಡಿಪೆಂಡ್ಸ್ ಸಾಲಿನಲ್ಲಿ ಬರೆಯಿರಿ.

ಬಿಟಿಎಂ ಲೇಔಟ್: ವಾಟ್ಸಾಪ್‌ನಲ್ಲಿ ಬಂದಿದ್ದು: "ಸೋರ್ಸ್ ಇಳಿಸಿ, ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಐದೇ ನಿಮಿಷ." ಇದೇ ಸುಲಭ ಅಲ್ವಾ?

ಮೇಡಂ: ಅಲ್ಲ. ಬರೀ ಕಾನ್ಫಿಗರ್ ಕೊಟ್ಟರೆ ಎಚ್‌ಟಿಟಿಪಿಎಸ್‌ಗೆ ಬೇಕಾದ ಎಸ್‌ಎಸ್‌ಎಲ್ ಮಾಡ್ಯೂಲೇ ಬರುವುದಿಲ್ಲ, ಅದನ್ನು ಕೇಳಿ ಹಾಕಿಸಬೇಕು. ಫೈಲುಗಳು ಯುಎಸ್‌ಆರ್-ಲೋಕಲ್ ಕೆಳಗೆ ಹೋಗಿ ಕೂರುತ್ತವೆ. ಪ್ಯಾಕೇಜುಗಳನ್ನು ನೋಡಿಕೊಳ್ಳುವ ಆಪ್ಟ್‌ಗೆ ಅದರ ಸುಳಿವೇ ಇರುವುದಿಲ್ಲ, ಸೆಕ್ಯುರಿಟಿ ಅಪ್‌ಡೇಟ್ ಎಂದೂ ಬರುವುದಿಲ್ಲ. ಈ ಫಾರ್ವರ್ಡನ್ನು ಮುಂದೆ ಕಳಿಸಬೇಡಿ.

ರಾಜಾಜಿನಗರ: ನಮ್ಮ ಸಹಕಾರ ಸಂಘದ ಸರ್ವರ್ ಉಬುಂಟು 20.04. ಮೊದಲಿದ್ದ ಹುಡುಗ 2020ರ ಕೊನೆಯಲ್ಲಿ ಹೆಡರ್ ಬದಲಿಸುವ ಹೆಡರ್ಸ್-ಮೋರ್ ಮಾಡ್ಯೂಲನ್ನು ಎಂಜಿನ್‌ಎಕ್ಸ್ ಒಳಗೇ ಸೇರಿಸಿ ಡೆಬ್ ಪ್ಯಾಕೇಜ್ ಮಾಡಿಕೊಟ್ಟ. ಅಪ್‌ಡೇಟ್ ಬಂದು ಅಳಿಸದಿರಲಿ ಅಂತ ಆಪ್ಟ್-ಮಾರ್ಕ್ ಹೋಲ್ಡ್ ಹಾಕಿ, ಕೆಲಸ ಬಿಟ್ಟು ಹೋದ. ಆವೃತ್ತಿ 1.18.0. ಚೆನ್ನಾಗೇ ನಡೆಯುತ್ತಿದೆ. ಮುಟ್ಟಬೇಕಾ?

ಮೇಡಂ: ಮುಟ್ಟಲೇಬೇಕು. ಇದನ್ನು ಓದಿ ನನಗೆ ನಿಜಕ್ಕೂ ಭಯ ಆಯಿತು. 2021ರ ಮೇ ತಿಂಗಳಲ್ಲಿ ಎಂಜಿನ್‌ಎಕ್ಸ್‌ನ ರಿಸಾಲ್ವರ್‌ನಲ್ಲಿ (ಸೈಟಿನ ಹೆಸರಿಗೆ ಡಿಎನ್‌ಎಸ್‌ನಿಂದ ವಿಳಾಸ ಕೇಳುವ ಭಾಗ) ಒಂದು ದೋಷ ಹೊರಬಂತು. 1.20.0ವರೆಗಿನ ಆವೃತ್ತಿಗಳಲ್ಲಿ ಅದು ಇತ್ತು. ಕಾನ್ಫಿಗ್‌ನಲ್ಲಿ ರಿಸಾಲ್ವರ್ ಸಾಲಿದ್ದರೆ, ನಕಲಿ ಡಿಎನ್‌ಎಸ್ ಉತ್ತರ ಕಳಿಸಿ ಕೋರಿಕೆಗಳನ್ನು ನಿಭಾಯಿಸುವ ವರ್ಕರನ್ನು ಕೆಡವಬಹುದಿತ್ತು. ಉಬುಂಟು ಆವೃತ್ತಿ ಬದಲಿಸದೆ 1.18.0ಕ್ಕೇ ತೇಪೆ ಹಾಕಿತು. ತೇಪೆ ಬಿದ್ದದ್ದೂ 1.18.0, ಬೀಳದ್ದೂ 1.18.0. ವ್ಯತ್ಯಾಸ ಪ್ಯಾಕೇಜ್ ಸಂಖ್ಯೆಯ ಬಾಲದಲ್ಲಿ ಮಾತ್ರ. ನಿಮ್ಮದು ಹೋಲ್ಡ್‌ನಲ್ಲಿ ಇದ್ದುದರಿಂದ ತೇಪೆ ಬಂದೇ ಇಲ್ಲ.

ಬೇಜಾರಿನ ಮಾತೆಂದರೆ ಹೋಲ್ಡ್ ಬೇಕಾಗಿಯೇ ಇರಲಿಲ್ಲ. ಹೆಡರ್ಸ್-ಮೋರ್ ಉಬುಂಟುವಿನಲ್ಲೇ ಬೇರೆ ಪ್ಯಾಕೇಜಾಗಿ ಸಿಗುತ್ತದೆ. ಲಿಬ್‌ಎಂಜಿನ್‌ಎಕ್ಸ್-ಮಾಡ್ ಅಂತ ಹುಡುಕಿ. ಮೊದಲು ಶೋಹೋಲ್ಡ್ ಕೊಟ್ಟು ಏನೇನು ಹಿಡಿದಿಟ್ಟಿದ್ದಾನೆ ನೋಡಿ, ಇಲ್ಲಿ ಹಾಕಿ.

ಕೋರಮಂಗಲ: ಇಷ್ಟೆಲ್ಲಾ ಯಾಕೆ? ಡಾಕರ್ ಹಾಕಿ, ಎಲ್ಲವನ್ನೂ ಒಂದು ಇಮೇಜಿನಲ್ಲಿಟ್ಟು ಮುಗಿಸಿ.

ಬಸವನಗುಡಿ: ಇಮೇಜನ್ನು ಎರಡು ವರ್ಷ ಹಾಗೇ ಬಿಟ್ಟರೆ ಅದೂ ಹೋಲ್ಡೇ ಅಲ್ವಾ?

ಕೋರಮಂಗಲ: ದಿನಾ ರೀಬಿಲ್ಡ್ ಮಾಡ್ತೀವಿ ಸರ್. ನಿಮ್ಮ ಕಾಲದ ಥರ ಅಲ್ಲ.

ಬಸವನಗುಡಿ: ನಮ್ಮ ಕಾಲ ಅಂದ್ರೆ? ಆ ಸಂಘದಲ್ಲಿ ದಿನಾ ರೀಬಿಲ್ಡ್ ಮಾಡೋಕೆ ಯಾರಿದ್ದಾರೆ, ನೀವು ಹೋಗ್ತೀರಾ?

ಯಲಹಂಕ: ಎಚ್‌ಟಿಟಿಪಿ 3 ಮಾಡ್ಯೂಲ್ ಬಗ್ಗೆ ಯಾರಾದರೂ ಹೇಳ್ತೀರಾ?

ಕೋರಮಂಗಲ: ಬಸವನಗುಡಿಯವರೇ, ಕೇಳಿದವರಿಗೆ ಹೇಳಿದೆ, ನಿಮಗಲ್ಲ.

ಮೇಡಂ: ಇಬ್ಬರೂ ಬೇರೆ ಕಡೆ ಜಗಳ ಆಡಿ.

ಹೆಬ್ಬಾಳ: ಬ್ರಾಟ್ಲಿಗೆ ಪೂರ್ತಿ ಬಿಲ್ಡ್ ಬೇಕಾ ಮೇಡಂ?

ಮೇಡಂ: ಮೊದಲ ಉತ್ತರ ಓದಿ.

ವಿಜಯನಗರ: ಹೊಂದಾಣಿಕೆಯ ಆಯ್ಕೆ ವಿತ್-ಕಂಪ್ಯಾಟ್ ಹಾಕಿಯೇ ಮಾಡ್ಯೂಲ್ ಬಿಲ್ಡ್ ಮಾಡಿದೆ. ಆದರೂ "ಬೈನರಿ ಕಂಪ್ಯಾಟಿಬಲ್ ಅಲ್ಲ" ಅನ್ನುತ್ತದೆ.

ಮೇಡಂ: ಎಂಜಿನ್‌ಎಕ್ಸ್ ಬಿಲ್ಡ್ ಮಾಡಿದವರೂ ಅದನ್ನು ಹಾಕಿರಬೇಕು. ದೊಡ್ಡ ವಿ ಕೊಟ್ಟು ನೋಡಿ. ಆವೃತ್ತಿ ಸಂಖ್ಯೆಯೂ ಒಂದೇ ಇರಬೇಕು, ಕಂಪ್ಯಾಟ್ ಅದಕ್ಕೆ ವಿನಾಯಿತಿ ಕೊಡುವುದಿಲ್ಲ.

ಬಿಟಿಎಂ ಲೇಔಟ್: ಇನ್ನೊಂದು ಬಂದಿದೆ: "ಬೇಡದ ಮಾಡ್ಯೂಲ್ ತೆಗೆದರೆ ಸ್ಪೀಡ್ ಎರಡು ಪಟ್ಟು."

ಮೇಡಂ: ಸುಳ್ಳು. ಲೋಡ್ ಮಾಡದ ಡೈನಾಮಿಕ್ ಮಾಡ್ಯೂಲ್ ಮೆಮೊರಿಗೇ ಬರುವುದಿಲ್ಲ. ಇಂಥದ್ದನ್ನು ನಂಬಿ, ಪುಟ ಕುಗ್ಗಿಸುವ ಜಿಜಿಪ್ ತೆಗೆದವರ ಸೈಟ್ ನಿಧಾನ ಆಗಿದ್ದನ್ನು ನೋಡಿದ್ದೇನೆ. ಇನ್ನೊಂದು ಫಾರ್ವರ್ಡ್ ಬಂದರೆ ಅಡ್ಮಿನ್‌ಗೆ ಹೇಳುತ್ತೇನೆ.

ಬಿಟಿಎಂ ಲೇಔಟ್: ಸುಮ್ನೆ ಕೇಳಿದ್ದಕ್ಕೆ ಇಷ್ಟು ಕೋಪನಾ?

ಯಲಹಂಕ: ಎಚ್‌ಟಿಟಿಪಿ 3?

ರಾಜಾಜಿನಗರ: ಮೇಡಂ, ಶೋಹೋಲ್ಡ್‌ನಲ್ಲಿ ಎರಡು ಹೆಸರು ಬಂತು. ಎಂಜಿನ್‌ಎಕ್ಸ್, ಲಿಬ್‌ಎಸ್‌ಎಸ್‌ಎಲ್.

ಮೇಡಂ: ಸುರಕ್ಷಿತ ಸಂಪರ್ಕದ ಲೈಬ್ರರಿ ಲಿಬ್‌ಎಸ್‌ಎಸ್‌ಎಲ್ ಕೂಡನಾ? ಇದು ಇನ್ನೂ ಕೆಟ್ಟದ್ದು. ಹಾಗಾದರೆ ನಾಳೆಗೆ ಬಿಡಬೇಡಿ. ಕಾನ್ಫಿಗ್ ಫೋಲ್ಡರ್ ಬ್ಯಾಕಪ್ ತೆಗೆಯಿರಿ. ಎರಡಕ್ಕೂ ಅನ್‌ಹೋಲ್ಡ್ ಕೊಡಿ. ಅಪ್‌ಡೇಟ್ ಮಾಡಿ, ಹೆಡರ್ಸ್-ಮೋರ್ ಪ್ಯಾಕೇಜ್ ಹಾಕಿ, ಕಾನ್ಫಿಗ್ ಪರೀಕ್ಷಿಸುವ 'ಎಂಜಿನ್‌ಎಕ್ಸ್ -ಟಿ' ಸರಿ ಅಂದ ಮೇಲೆ ರೀಸ್ಟಾರ್ಟ್ ಮಾಡಿ. 20.04ಕ್ಕೆ ಸಾಮಾನ್ಯ ಬೆಂಬಲ 2025ರಲ್ಲೇ ಮುಗಿದಿದೆ, ಹೊಸ ಉಬುಂಟುಗೆ ಹೋಗುವ ಕೆಲಸ ಈ ವಾರ. ರಾತ್ರಿ ಹತ್ತರವರೆಗೆ ಇಲ್ಲೇ ಇರುತ್ತೇನೆ, ಎಲ್ಲಿ ನಿಂತರೂ ಬರೆಯಿರಿ.