ತೋಟದ ಕಾರ್ಮಿಕರ ಮಕ್ಕಳು, ಊರಿನ ಮಕ್ಕಳು: ಒಂದೇ ತರಗತಿಯಲ್ಲಿ ಪರಸ್ಪರ ಗೌರವ ಕಲಿಸುವ ಬಗೆ

ಪ್ರಶ್ನೆ: ಶಿಕ್ಷಕಿ, ಸಕಲೇಶಪುರ ತಾಲ್ಲೂಕು

ಮಾನ್ಯರೇ, ನಾನು ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ನಾಲ್ಕು ಮತ್ತು ಐದನೇ ತರಗತಿಗಳಿಗೆ ಪಾಠ ಮಾಡುತ್ತೇನೆ. ನಮ್ಮಲ್ಲಿ ಊರಿನ ಮಕ್ಕಳ ಜೊತೆಗೆ, ತಲೆಮಾರುಗಳಿಂದ ತೋಟದ ಲೈನ್ ಮನೆಗಳಲ್ಲೇ (ಕಾರ್ಮಿಕರ ಸಾಲುಮನೆಗಳಲ್ಲೇ) ಇರುವ ತಮಿಳು ಕುಟುಂಬಗಳ ಮಕ್ಕಳೂ, ಈಚೆಗೆ ಕಾಫಿ ಕುಯ್ಲಿನ ಕೆಲಸಕ್ಕೆಂದು ಅಸ್ಸಾಮಿನಿಂದ ಬಂದವರ ಮಕ್ಕಳೂ ಓದುತ್ತಿದ್ದಾರೆ. 2023ರಲ್ಲಿ ಸರ್ಕಾರ ಶಾಲೆಗಳಲ್ಲಿ ಸಂವಿಧಾನ ಪೀಠಿಕೆಯ ವಾಚನವನ್ನು ಆರಂಭಿಸಿದಾಗಿನಿಂದ ನಮ್ಮ ಮಕ್ಕಳು ಅದನ್ನು ಒಂದಕ್ಷರವೂ ತಪ್ಪದಂತೆ ಹೇಳುತ್ತಾರೆ. ಆದರೆ ಬಿಸಿಯೂಟದ ಗಂಟೆ ಹೊಡೆದ ಕೂಡಲೇ ಅಸ್ಸಾಮಿನ ಮಕ್ಕಳು ಜಗಲಿಯ ಒಂದು ಕೊನೆಗೆ ಹೋಗಿ ಗುಂಪಾಗಿ ಕೂರುತ್ತಾರೆ, ಹೆಸರು ಗೊತ್ತಿದ್ದರೂ ಉಳಿದವರು ಅವರನ್ನು ‘ಹಿಂದಿಯವರು’ ಎಂದೇ ಕರೆಯುತ್ತಾರೆ. ಕಳೆದ ವಾರ ತಾಯಿಯೊಬ್ಬರು ಬಂದು ತಮ್ಮ ಮಗಳನ್ನು ಬೇರೆ ಬೆಂಚಿಗೆ ಕೂರಿಸಬೇಕೆಂದು ಕೇಳಿದರು. ಉಪದೇಶದಿಂದ ಇದು ಸರಿಹೋಗುವುದಿಲ್ಲ ಎಂಬುದು ನನಗೆ ಖಚಿತವಾಗಿದೆ. ಅನುಭವಿಗಳು ದಾರಿ ತೋರಬೇಕೆಂದು ವಿನಂತಿ.

ಉತ್ತರ 1: ನಿವೃತ್ತ ಮುಖ್ಯ ಶಿಕ್ಷಕ, ಮೂಡಿಗೆರೆ

ಮೇಡಂ, ಮೊದಲು ಶಾಲೆಯ ಕೆಲಸಗಳ ಹಂಚಿಕೆಯನ್ನು ನೋಡಿ. ಕಸ ಗುಡಿಸುವವರು ಯಾರು, ನೀರು ತರುವವರು ಯಾರು, ಪ್ರಾರ್ಥನೆಯಲ್ಲಿ ಮುಂದೆ ನಿಂತು ಹೇಳಿಕೊಡುವವರು ಯಾರು ಎಂಬುದನ್ನು ಒಂದು ವಾರ ಬರೆದಿಟ್ಟರೆ, ಮಕ್ಕಳು ಯಾವ ಪಾಠ ಕಲಿಯುತ್ತಿದ್ದಾರೆ ಎಂಬುದು ನಿಮಗೇ ಗೊತ್ತಾಗುತ್ತದೆ. ಹಾಜರಿ ಪುಸ್ತಕದ ಕ್ರಮದಲ್ಲಿ ತಂಡಗಳನ್ನು ಮಾಡಿ, ಬಡಿಸುವುದರಿಂದ ಹಿಡಿದು ಜಗಲಿ ತೊಳೆಯುವವರೆಗೆ ಎಲ್ಲ ಕೆಲಸಗಳನ್ನೂ ವಾರಕ್ಕೊಮ್ಮೆ ಬದಲಾಯಿಸಿ, ಶಾಲಾ ಸಂಸತ್ತಿನ ಮಂತ್ರಿಗಳನ್ನೂ ತಿಂಗಳಿಗೊಮ್ಮೆ ಬದಲಿಸಿ. ಮೊಟ್ಟೆ ಕೊಡುವ ದಿನ ಮೊಟ್ಟೆ ತಿನ್ನುವವರೂ ಬಾಳೆಹಣ್ಣು ಪಡೆಯುವವರೂ ಒಂದೇ ಸಾಲಿನಲ್ಲಿ ಕೂತು ಉಣ್ಣಲಿ. ಬಡಿಸಲು ಅನುಕೂಲವೆಂದು ಎರಡು ಸಾಲು ಮಾಡುವ ಶಾಲೆಗಳನ್ನು ನಾನು ಕಂಡಿದ್ದೇನೆ, ಅದು ದೊಡ್ಡ ತಪ್ಪು. ನೀವೂ ತಟ್ಟೆ ಹಿಡಿದು ಅದೇ ಸಾಲಿನಲ್ಲಿ ಕೂರಬೇಕು.

ಉತ್ತರ 2: ಸಮಾಜ ವಿಜ್ಞಾನ ಶಿಕ್ಷಕ, ಚನ್ನರಾಯಪಟ್ಟಣ

ಮೇಷ್ಟ್ರ ಮಾತು ನಿಜ, ಆದರೆ ಸಾಲು ಬದಲಿಸಿದರಷ್ಟೇ ಸಾಲದು, ಏಕೆ ಬದಲಿಸಿದೆವು ಎಂಬ ವಿಚಾರವೂ ಮಕ್ಕಳ ತಲೆಯಲ್ಲಿ ಬೆಳೆಯಬೇಕು. ಅದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಸಾಮಗ್ರಿ ಇದೆ. ಶ್ರವಣಬೆಳಗೊಳದಲ್ಲಿರುವ ವಿಜಯನಗರದ ಅರಸ ಬುಕ್ಕರಾಯನ 1368ರ ಶಾಸನವನ್ನು ನಾನು ಐದನೇ ತರಗತಿಗೆ ಕಥೆಯಾಗಿ ಹೇಳುತ್ತೇನೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ಅರಸನಲ್ಲಿ ಮೊರೆಯಿಟ್ಟರು. ಅರಸ ಎರಡೂ ಕಡೆಯವರನ್ನು ಕರೆಸಿ, ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ (ಮತಗಳಿಗೂ) ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಳಶದ ಹಕ್ಕು ಜೈನರಿಗೂ ಇದೆ ಎಂದು ತೀರ್ಪಿತ್ತ. ಜೈನರಿಗಾಗುವ ಹಾನಿಯನ್ನು ವೈಷ್ಣವರು ತಮಗೇ ಆದ ಹಾನಿಯೆಂದು ತಿಳಿಯಬೇಕೆಂದೂ ವಿಧಿಸಿದ. ವಾದ್ಯ ಬಾರಿಸುವ ಹಕ್ಕಿನ ಜಗಳವೆಂದರೆ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ. ಎರಡು ಗುಂಪು ಮಾಡಿ ವಾದ ಮಾಡಿಸಿ, ಬಳಿಕ ಗುಂಪುಗಳನ್ನು ಅದಲುಬದಲು ಮಾಡಿ ಮತ್ತೆ ಮಾತನಾಡಿಸುತ್ತೇನೆ. ಇನ್ನೊಬ್ಬರ ಪರವಾಗಿ ನಿಂತು ಮಾತನಾಡಬೇಕಾದಾಗ ಮಕ್ಕಳ ದನಿಯೇ ಬದಲಾಗುತ್ತದೆ. ಇದಾದ ಮೇಲೆ, 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಧರ್ಮ, ಭಾಷೆ, ಪ್ರದೇಶಗಳ ಭೇದವನ್ನು ಮೀರಿದ ಸಾಮರಸ್ಯದ ಮಾತಿರುವುದನ್ನು ಓದಿಸಿದರೆ ಅದು ಬರಿಯ ಬಾಯಿಪಾಠವಾಗಿ ಉಳಿಯುವುದಿಲ್ಲ.

ಒಂದು ಎಚ್ಚರಿಕೆ: ಅಸ್ಸಾಮಿನ ಮಗುವನ್ನು ಎದ್ದು ನಿಲ್ಲಿಸಿ ‘ನಿಮ್ಮ ಕಡೆಯ ಕುಣಿತ ತೋರಿಸು’ ಎಂದು ಹೇಳಬೇಡಿ, ಅದರಿಂದ ಆ ಮಗು ಎಲ್ಲರ ಕಣ್ಣಿಗೆ ಇನ್ನಷ್ಟು ಬೇರೆಯಾಗಿ ಕಾಣುತ್ತದೆ.

ಉತ್ತರ 3: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ, ಚಿಕ್ಕಮಗಳೂರು

ಹಿರಿಯರಲ್ಲಿ ಕ್ಷಮೆ ಕೋರಿ ಒಂದು ಮಾತು ಹೇಳುತ್ತೇನೆ. ಕುಯ್ಲಿನ ಹೊತ್ತಿಗೆ, ವರ್ಷದ ನಡುವೆ ಸೇರುವ ಮಕ್ಕಳ ಹೆಸರು ಹಾಜರಿ ಪುಸ್ತಕದ ಕೊನೆಗೆ ಬರುತ್ತದೆ. ಆ ಕ್ರಮದಲ್ಲೇ ತಂಡ ಕಟ್ಟಿದರೆ ಹೊಸಬರೆಲ್ಲ ಮತ್ತೆ ಒಂದೇ ಗುಂಪಾಗುತ್ತಾರೆ. ಚೀಟಿ ಎತ್ತಿಸುವುದು ಮೇಲು.

ಬೆಂಚು ಬದಲಿಸಿ ಎಂದ ತಾಯಿಯ ಮಾತಿಗೆ ದಯವಿಟ್ಟು ಒಪ್ಪಬೇಡಿ, ಹಾಗೆಂದು ಅವರನ್ನು ಗದರಿಸಲೂ ಬೇಡಿ. ಅವರನ್ನೂ ಮಗಳ ಪಕ್ಕ ಕೂರುವ ಮಗುವಿನ ತಾಯಿಯನ್ನೂ ಒಟ್ಟಿಗೆ ಕರೆದು ಮಾತನಾಡಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದವರಿಗೆ ತಕ್ಕ ಪ್ರಾತಿನಿಧ್ಯ ಇರಬೇಕು. ಆದರೆ ಕೆಲಸದ ದಿನ ಹನ್ನೊಂದು ಗಂಟೆಗೆ ಸಭೆ ಕರೆದರೆ ಅರ್ಧ ದಿನದ ಕೂಲಿ ಬಿಟ್ಟು ಲೈನ್ ಮನೆಯಿಂದ ಯಾರು ಬಂದಾರು? ತೋಟದ ರಜೆಯ ದಿನ ಸಭೆ ಇಡಿ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂಬುದನ್ನೂ ಅಲ್ಲೇ ತಿಳಿಸಿ, ಎಷ್ಟೋ ತಂದೆತಾಯಿಗಳಿಗೆ ಇದು ಗೊತ್ತಿರುವುದಿಲ್ಲ.

ಶಿಕ್ಷಕಿ, ಸಕಲೇಶಪುರ ತಾಲ್ಲೂಕು

ಎಲ್ಲರಿಗೂ ಧನ್ಯವಾದಗಳು. ಬಡಿಸುವ ತಂಡಗಳನ್ನು ಸೋಮವಾರದಿಂದ ಚೀಟಿ ಎತ್ತಿಸಿ ಮಾಡುತ್ತೇನೆ, ಸಭೆಯ ದಿನದ ಬಗ್ಗೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಅವರನ್ನು ಕೇಳುತ್ತೇನೆ. ಚನ್ನರಾಯಪಟ್ಟಣದ ಸರ್, ಕನ್ನಡ ಇನ್ನೂ ತೊದಲುತ್ತಿರುವ ಮಕ್ಕಳು ಆ ವಾದದಲ್ಲಿ ಹಿಂದೆ ಬೀಳದಂತೆ ನೀವು ಹೇಗೆ ನೋಡಿಕೊಳ್ಳುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.