ಕನ್ನಡ ಟ್ಯಾಲಿ ಕೋರ್ಸ್: ಹೆಸರಿರುವ ಚಾನೆಲ್‌ನವರನ್ನು ಕಮಿಷನ್ ಪಾಲುದಾರರಾಗಿ ಒಪ್ಪಿಸುವುದು ಹೇಗೆ? ಅನುಭವ ಇರುವವರು ಹೇಳಿ

ಬಾಕಿ ಬಿಲ್ಲು (ಪ್ರಶ್ನೆ)
ನನ್ನದು ಟ್ಯಾಲಿ ಪ್ರೈಮ್ (ಲೆಕ್ಕಪತ್ರ ಬರೆಯುವ ಸಾಫ್ಟ್‌ವೇರ್) ಮತ್ತು ಜಿಎಸ್‌ಟಿ ಕಲಿಸುವ ಕೋರ್ಸ್, ಪೂರ್ತಿ ಕನ್ನಡದಲ್ಲಿದೆ. ಬೆಲೆ ಜಿಎಸ್‌ಟಿ ಸೇರಿ ₹1,999. ನನ್ನ ಸ್ವಂತ ಚಾನೆಲ್ ಸಣ್ಣದು. ಕಂಪ್ಯೂಟರ್, ಕಾಮರ್ಸ್, ಉದ್ಯೋಗ ಮಾಹಿತಿ ಕೊಡುವ ದೊಡ್ಡ ಯೂಟ್ಯೂಬ್ ಮತ್ತು ಟೆಲಿಗ್ರಾಂ ಚಾನೆಲ್‌ನವರಿಗೆ "ನಮಸ್ತೆ ಸರ್, ನಮ್ಮ ಕೋರ್ಸ್ ಪ್ರಮೋಟ್ ಮಾಡಿ, ಪ್ರತಿ ಮಾರಾಟಕ್ಕೆ ಶೇ. 40 ಕಮಿಷನ್, ಇಬ್ಬರಿಗೂ ಲಾಭ" ಅಂತ ಮೆಸೇಜ್ ಹಾಕಿದರೆ ಉತ್ತರವೇ ಬರುವುದಿಲ್ಲ. ಬಂದರೂ ಮುಂಗಡ ಹಣ ಕೇಳುತ್ತಾರೆ. ಕಮಿಷನ್ ಶೇ. 60ಕ್ಕೆ ಏರಿಸಿದರೆ ಒಪ್ಪುತ್ತಾರಾ?

ಲೆಕ್ಕದ ಪುಸ್ತಕ
ಏರಿಸಬೇಡಿ ಸರ್. ಮೊದಲು ಕೈಗೆ ಎಷ್ಟು ಉಳಿಯುತ್ತದೆ ನೋಡಿ. ₹1,999ರಲ್ಲಿ ಶೇ. 18 ಜಿಎಸ್‌ಟಿ ಕಳೆದರೆ ಮೂಲ ಬೆಲೆ ₹1,694. ಆನ್‌ಲೈನ್ ಹಣ ಪಡೆದುಕೊಡುವ ಪೇಮೆಂಟ್ ಗೇಟ್‌ವೇ ಶುಲ್ಕ ಶೇ. 2 ಮತ್ತು ಅದರ ಮೇಲಿನ ಜಿಎಸ್‌ಟಿ ಅಂದರೆ ಸುಮಾರು ₹47. ಉಳಿದದ್ದು ₹1,647. ಇದರಲ್ಲಿ ಕಮಿಷನ್ ಕೊಡಬೇಕು. ಶೇ. 40ನ್ನು ಮೂಲ ಬೆಲೆಯ ಮೇಲೆ ಕೊಟ್ಟರೆ ಪಾಲುದಾರರಿಗೆ ₹678, ನಿಮಗೆ ₹969. ಅದೇ ಶೇ. 40ನ್ನು ₹1,999ರ ಮೇಲೆ ಅಂತ ಬಾಯಿಮಾತಲ್ಲಿ ಒಪ್ಪಿಕೊಂಡರೆ ಅವರಿಗೆ ₹800, ನಿಮಗೆ ₹847. ಒಂದು ಮಾರಾಟಕ್ಕೆ ₹122 ವ್ಯತ್ಯಾಸ, ಜಗಳಗಳು ಹುಟ್ಟುವುದೇ ಇಲ್ಲಿ. "ಜಿಎಸ್‌ಟಿ ಬಿಟ್ಟು ಮೂಲ ಬೆಲೆಯ ಮೇಲೆ" ಎಂದು ಮೊದಲ ದಿನವೇ ಬರೆದುಕೊಡಿ. ₹1,999ರ ಮೇಲೆ ಶೇ. 60 ಕೊಟ್ಟರೆ ನಿಮಗೆ ಉಳಿಯುವುದು ₹450ಕ್ಕಿಂತ ಕಡಿಮೆ. ಅದರಲ್ಲಿ ವಿದ್ಯಾರ್ಥಿಗಳ ಡೌಟ್ ಯಾರು ಬಗೆಹರಿಸುವುದು?

ಹೊರದೇಶದಲ್ಲಿ ಕ್ಲಿಕ್‌ಬ್ಯಾಂಕ್ ಥರದ ಕಮಿಷನ್ ಮಾರಾಟದ ತಾಣಗಳಲ್ಲಿ ಡಿಜಿಟಲ್ ಸರಕಿಗೆ ಶೇ. 75ರವರೆಗೂ ಕಮಿಷನ್ ಇರುತ್ತದೆ, ನಿಜ. ಅಲ್ಲಿ ಬೆಲೆ ಡಾಲರ್‌ನಲ್ಲಿರುತ್ತದೆ, ಕೊಂಡವರಿಗೆ ಹಿಂದೆಯೇ ಇನ್ನೂ ನಾಲ್ಕು ಸರಕು ತೋರಿಸುತ್ತಾರೆ. ನಿಮ್ಮದು ಒಂದೇ ಕೋರ್ಸ್.

ಇನ್ನು ಅವರ ಕಡೆಯಿಂದ ನೋಡಿ. ಅನುಭವಿ ಪ್ರಚಾರಕರಿಗೆ ಶೇಕಡಾವಾರು ಮುಖ್ಯವಲ್ಲ. ಅವರು ಕೇಳುವುದು, ನಮ್ಮ ಜನ ಒಂದು ಸಲ ಕ್ಲಿಕ್ ಮಾಡಿದರೆ ನಮಗೆಷ್ಟು ಬರುತ್ತದೆ ಅಂತ. 1,000 ಕ್ಲಿಕ್‌ಗೆ 15 ಜನ ಕೊಂಡರೆ 15 × 678 = ₹10,170, ಅಂದರೆ ಕ್ಲಿಕ್‌ಗೆ ₹10. ಐದೇ ಜನ ಕೊಂಡರೆ ಕ್ಲಿಕ್‌ಗೆ ₹3.40. ಈ ಸಂಖ್ಯೆ ನಿಮ್ಮ ಹತ್ತಿರ ಇಲ್ಲದಿದ್ದರೆ "ಇಬ್ಬರಿಗೂ ಲಾಭ" ಅನ್ನುವುದಕ್ಕೆ ಆಧಾರವಿಲ್ಲ. ದೊಡ್ಡವರ ಬಾಗಿಲಿಗೆ ಹೋಗುವ ಮೊದಲು ಎರಡು ಸಣ್ಣ ಚಾನೆಲ್‌ನವರ ಮೂಲಕ, ಅಥವಾ ಸ್ವಲ್ಪ ಜಾಹೀರಾತು ಹಾಕಿ, 500ರಿಂದ 1,000 ಕ್ಲಿಕ್ ತರಿಸಿ. ಕ್ಲಿಕ್ ಎಷ್ಟು, ಮಾರಾಟ ಎಷ್ಟು, ಹಣ ವಾಪಸ್ ಎಷ್ಟು, ಈ ಮೂರನ್ನು ಬರೆದಿಡಿ. ಒಂದು ಎಚ್ಚರಿಕೆ: ಜಾಹೀರಾತಿನಿಂದ ಬಂದವರು ಅಪರಿಚಿತರು. ನಂಬಿದವರು ಹೇಳಿದ್ದನ್ನು ಕೇಳಿ ಬಂದವರು ಹೆಚ್ಚು ಕೊಳ್ಳುತ್ತಾರೆ. ಹಾಗಾಗಿ ಆ ಸಂಖ್ಯೆ ಎಲ್ಲಿಂದ ಬಂತು ಅನ್ನುವುದನ್ನೂ ಅವರಿಗೆ ಹೇಳಿ.

ಹಳೇ ಹುಬ್ಬಳ್ಳಿ
ಲೆಕ್ಕ ಸರಿ ಐತಿ. ಆದ್ರ ಯಾರ್ನ ಕೇಳ್ಬೇಕು ಅನ್ನೋದು ಅದಕ್ಕಿಂತ ಮೊದಲ ಬರತೈತ್ರಿ. ಸಬ್‌ಸ್ಕ್ರೈಬರ್ ಎಷ್ಟು ಅಂತ ನೋಡಬ್ಯಾಡ್ರಿ. ಕಡೀ ಹತ್ತು ವಿಡಿಯೊ ತಗದು ವ್ಯೂ ನೋಡ್ರಿ, ಆಮ್ಯಾಲೆ ಕಾಮೆಂಟ್ ಓದ್ರಿ. "ಸರ್ ಟ್ಯಾಲಿ ಕ್ಲಾಸ್ ಮಾಡ್ರಿ", "ಬಿ.ಕಾಂ ಮುಗದೈತಿ ಮುಂದ ಏನ್ ಮಾಡ್ಲಿ" ಅಂತ ಜನ ಕೇಳಾಕತ್ತಿದ್ರ ಅದು ನಿಮ್ಮ ಚಾನೆಲ್. ಆ ಕಾಮೆಂಟಿನ ಸ್ಕ್ರೀನ್‌ಶಾಟ್ ತಗದು ಇಟ್ಕೊಳ್ರಿ, ಮೆಸೇಜ್‌ನ್ಯಾಗ ಕೆಲಸಕ್ಕ ಬರತೈತಿ.

ಸರ್ಕಾರಿ ನೌಕರಿ ಸುದ್ದಿ ಹಾಕೋ ಟೆಲಿಗ್ರಾಂ ಚಾನೆಲ್‌ನ್ಯಾಗ ಮಂದಿ ಭಾಳ, ಕೊಳ್ಳೋರು ಕಡಿಮಿ. ಅಲ್ಲಿ ಇರೋರು ಪಿಡಿಎಫ್ ಪುಕ್ಕಟೆ ಸಿಗತೈತಿ ಅಂತ ಬಂದೋರು. ಅದರ ಮ್ಯಾಲೆ ಕೋರ್ಸಿನ ವಿಡಿಯೊ ಅಂಥಾ ಕಡೆನ ಕದ್ದು ಹಂಚ್ತಾರ. ಅದನ್ನ ಬಿಟ್ಟ ಬಿಡ್ರಿ ಅಂತ ನನ್ನ ಮಾತು. ತಮ್ಮದ ಟ್ಯಾಲಿ ಕೋರ್ಸ್ ಮಾರೋರ್ನೂ ಕೇಳಬ್ಯಾಡ್ರಿ. ಎಕ್ಸೆಲ್ ಕಲಿಸೋರು, ಇಂಟರ್‌ವ್ಯೂ ತಯಾರಿ ಹೇಳೋರು, ಸಣ್ಣ ಅಂಗಡಿ ವ್ಯವಹಾರದ ಬಗ್ಗೆ ಮಾತಾಡೋರು ಇರ್ತಾರಲ್ಲ, ಅವರ ಕಡೆ ಜನ ಐತಿ, ಟ್ಯಾಲಿ ಸರಕು ಇಲ್ಲ.

ಅಕ್ಷರ
ಟೆಲಿಗ್ರಾಂ ಪೂರ್ತಿ ಬಿಡಿ ಅನ್ನುವುದನ್ನು ಒಪ್ಪಲಾರೆ. ಖಾಸಗಿ ಅಕೌಂಟೆಂಟ್ ಕೆಲಸಗಳನ್ನೇ ಹಾಕುವ ಸಣ್ಣ ಚಾನೆಲ್‌ಗಳಿವೆ, ಅಲ್ಲಿ "ಟ್ಯಾಲಿ ಗೊತ್ತಿರಬೇಕು" ಅಂತ ಪ್ರತಿ ಪೋಸ್ಟ್‌ನಲ್ಲೂ ಇರುತ್ತದೆ. ಅದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ?

ಈಗ ಮೆಸೇಜ್ ವಿಚಾರ. ನೀವು ಹಾಕಿದ್ದು ಯಾರಿಗೆ ಬೇಕಾದರೂ ಕಳಿಸಬಹುದಾದ ಮೆಸೇಜ್, ಅದಕ್ಕೇ ಉತ್ತರ ಬರುತ್ತಿಲ್ಲ. ಇನ್‌ಸ್ಟಾಗ್ರಾಂ ಮೆಸೇಜ್ ರಿಕ್ವೆಸ್ಟ್‌ನಲ್ಲಿ ಹೂತುಹೋಗುತ್ತದೆ. ಯೂಟ್ಯೂಬ್ ಚಾನೆಲ್‌ನ ಮಾಹಿತಿ ಭಾಗದಲ್ಲಿ ವ್ಯವಹಾರದ ಇಮೇಲ್ ಇದ್ದರೆ ಅಲ್ಲಿಗೆ ಬರೆಯಿರಿ. ಹೀಗಿದ್ದರೆ ಓದುತ್ತಾರೆ:

"ನಮಸ್ಕಾರ ಸರ್. ನಿಮ್ಮ ಪಿವಟ್ ಟೇಬಲ್ ವಿಡಿಯೊ ಕೆಳಗೆ ಟ್ಯಾಲಿ ಕಲಿಸಿ ಎಂದು ಹಲವರು ಕೇಳಿದ್ದಾರೆ (ಚಿತ್ರ ಜೊತೆಗಿದೆ). ನೀವು ಟ್ಯಾಲಿ ಹೇಳಿಕೊಡುತ್ತಿಲ್ಲ. ನನ್ನ ಬಳಿ ಕನ್ನಡದ ಟ್ಯಾಲಿ ಪ್ರೈಮ್ ಕೋರ್ಸ್ ಇದೆ. ಇಲ್ಲಿಯವರೆಗೆ ಇಷ್ಟು ಕ್ಲಿಕ್‌ಗೆ ಇಷ್ಟು ಮಾರಾಟ, ಇಷ್ಟು ಜನ ಹಣ ವಾಪಸ್ ಕೇಳಿದ್ದಾರೆ. ಪೂರ್ತಿ ಕೋರ್ಸ್ ನೋಡಲು ಲಾಗಿನ್ ಕೆಳಗಿದೆ. ಸಮಯವಿಲ್ಲದಿದ್ದರೆ ಮೊದಲು ಖರೀದಿ ಬಿಲ್ ನಮೂದಿಸುವ ಪಾಠ ನೋಡಿ, ಏಳು ನಿಮಿಷ. ಹಿಡಿಸಿದರೆ ಮಾತ್ರ ಮುಂದಿನ ಮಾತು."

ಕಮಿಷನ್ ವಿಚಾರ ಮೊದಲ ಪತ್ರದಲ್ಲಿ ಇಲ್ಲದಿದ್ದರೂ ನಡೆಯುತ್ತದೆ, ಅದು ಹೇಗೂ ಇರುತ್ತದೆ ಅಂತ ಅವರಿಗೆ ಗೊತ್ತು. ಉತ್ತರ ಬಾರದಿದ್ದರೆ ವಾರ ಬಿಟ್ಟು ಒಂದೇ ಒಂದು ನೆನಪೋಲೆ, ಅದರಲ್ಲಿ ಹೊಸದೇನಾದರೂ ಇರಲಿ. ಆಮೇಲೆ ಸುಮ್ಮನಿರಿ. ಮಾರ್ಚ್ ಕೊನೆಯಲ್ಲಿ ಬರೆಯಬೇಡಿ, ಲೆಕ್ಕಪತ್ರದವರೆಲ್ಲ ವರ್ಷಾಂತ್ಯದ ಗಡಿಬಿಡಿಯಲ್ಲಿರುತ್ತಾರೆ.

ಒಪ್ಪಿದ ಮೇಲೆ ಅವರಿಗೆ ಕೆಲಸ ಕೊಡಬೇಡಿ. 45 ಸೆಕೆಂಡಿನ ಮಾತಿನ ಕರಡು, ವಿವರಣೆಗೆ ಹಾಕುವ ನಾಲ್ಕು ಸಾಲು, ಪಿನ್ ಮಾಡುವ ಕಾಮೆಂಟ್, ವಾಟ್ಸ್ಆ್ಯಪ್‌ಗೆ ಒಂದು ಚಿತ್ರ, ಜನ ಕೇಳುವ ಹತ್ತು ಪ್ರಶ್ನೆಗೆ ಉತ್ತರ, ಇಷ್ಟನ್ನು ಒಂದು ಫೋಲ್ಡರ್‌ನಲ್ಲಿಡಿ. ಅವರ ಮಾತಿನ ಧಾಟಿ ಕೇಳಿಸಿಕೊಂಡು ಕರಡು ಬರೆಯಿರಿ. ಮಂಗಳೂರು ಕಡೆಯವರಿಗೆ "ಹಾಯ್ ಫ್ರೆಂಡ್ಸ್ ಏನ್ ಗುರು" ಅಂತ ಬರೆದುಕೊಟ್ಟರೆ ಅವರು ಹೇಗೆ ಓದಬೇಕು?

ಕರದಾತ
ಯಾರೂ ಮುಟ್ಟದ ವಿಷಯ ಒಂದಿದೆ. ದೊಡ್ಡ ಚಾನೆಲ್‌ನವರಿಗೆ ಇರುವ ಹೆದರಿಕೆ ಹಣ ಬಾರದಿರುವುದಲ್ಲ, ತಮ್ಮ ಜನರೆದುರು ಮರ್ಯಾದೆ ಹೋಗುವುದು. ಕೋರ್ಸ್ ತೆರೆದ ಕೂಡಲೇ ಅವರು ಎಲ್ಲಿ ಕೈಹಾಕುತ್ತಾರೆ ಗೊತ್ತೇ? 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಗಿ ಶೇ. 12 ಮತ್ತು 28ರ ಹಂತಗಳು ಬಹುತೇಕ ಹೋದವು. ನಿಮ್ಮ ವಿಡಿಯೊದಲ್ಲಿ ಇನ್ನೂ ಶೇ. 12ರ ಉದಾಹರಣೆ ಇದ್ದರೆ ಮಾತುಕತೆ ಅಲ್ಲಿಗೇ ಮುಗಿಯಿತು. ಪೂರ್ತಿ ಮರುಚಿತ್ರೀಕರಣ ಬೇಡ, ದರ ತೋರಿಸುವ ಪಾಠಗಳನ್ನು ಮಾತ್ರ ಬದಲಿಸಿ, ಬದಲಿಸಿದ ತಾರೀಖನ್ನು ಪಾಠದ ಹೆಸರಿನಲ್ಲೇ ಹಾಕಿ.

ಎರಡನೆಯದು ಎಜುಕೇಶನಲ್ ಮೋಡ್. ಲೈಸೆನ್ಸ್ ಇಲ್ಲದ ಟ್ಯಾಲಿಯಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ (ವ್ಯವಹಾರದ ನಮೂದು) ಹಾಕಬಹುದು. ನಿಮ್ಮ ಅಭ್ಯಾಸದ ಬಿಲ್‌ಗಳಲ್ಲಿ 14, 19 ಅಂತ ತಾರೀಖಿದ್ದರೆ ವಿದ್ಯಾರ್ಥಿ ಮೊದಲ ದಿನವೇ ಸಿಕ್ಕಿಬಿದ್ದು ಹಣ ವಾಪಸ್ ಕೇಳುತ್ತಾನೆ, ಜೊತೆಗೆ ಪಾಲುದಾರರ ಕಾಮೆಂಟ್ ಬಾಕ್ಸ್‌ನಲ್ಲಿ ಬೈಯುತ್ತಾನೆ. ಅಭ್ಯಾಸದ ಬಿಲ್ಲುಗಳನ್ನೆಲ್ಲ ಆ ತಾರೀಖುಗಳಿಗೆ ತನ್ನಿ.

ಮಾರಾಟದ ಪುಟದಿಂದ "ಶೇ. 100 ಕೆಲಸ ಗ್ಯಾರಂಟಿ" ತೆಗೆಯಿರಿ, ಸರ್ಟಿಫಿಕೇಟ್ ಟ್ಯಾಲಿ ಕಂಪನಿಯದೇ ಅನ್ನುವ ಭಾವನೆ ಬರದಂತೆ ಬರೆಯಿರಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಪ್ರಚಾರ ಮಾಡಿದವರಿಗೂ ₹10 ಲಕ್ಷದವರೆಗೆ, ಮರುಕಳಿಸಿದರೆ ₹50 ಲಕ್ಷದವರೆಗೆ ದಂಡ ಬೀಳಬಹುದು. ಹೆಸರಿರುವವರಿಗೆ ಇದು ಗೊತ್ತು. ಕಮಿಷನ್ ಸಂಬಂಧವನ್ನೂ ಮುಚ್ಚಿಡುವಂತಿಲ್ಲ. ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐ ಮಾರ್ಗಸೂಚಿ 2021ರ ಜೂನ್‌ನಿಂದಲೇ ಇದೆ, ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯದು 2023ರ ಜನವರಿಯಲ್ಲಿ ಬಂತು. ವಿವರಣೆಯ ಕೊನೆಯಲ್ಲಿ ಸಣ್ಣದಾಗಿ ಬರೆದರೆ ಸಾಲದು, ವಿಡಿಯೊದಲ್ಲೇ ಕಾಣಿಸಬೇಕು, ಬಾಯಲ್ಲೂ ಹೇಳಬೇಕು. "ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ" ಎಂಬ ಸಾಲನ್ನು ಕರಡಿನಲ್ಲಿ ನೀವೇ ಸೇರಿಸಿ ಕಳಿಸಿ. ನಿಮ್ಮ ಮೇಲೆ ನಂಬಿಕೆ ಬರುವುದು ಇಂಥದ್ದರಿಂದಲೇ.

ತೆರಿಗೆ: ಕಮಿಷನ್ ಮೇಲಿನ ಟಿಡಿಎಸ್ (ಹಣ ಕೊಡುವಾಗಲೇ ಕಡಿದುಕೊಳ್ಳುವ ಆದಾಯ ತೆರಿಗೆ) ಈಗ ಶೇ. 2, ಒಬ್ಬರಿಗೆ ವರ್ಷಕ್ಕೆ ₹20,000 ದಾಟಿದರೆ. ಪ್ಯಾನ್ ಕೊಡದಿದ್ದರೆ ಶೇ. 20. ಕಂಪನಿ, ಪಾಲುದಾರಿಕೆ ಸಂಸ್ಥೆ ಆದರೆ ಕಡಿಯಲೇಬೇಕು. ಒಬ್ಬರೇ ನಡೆಸುವ ವ್ಯಾಪಾರವಾಗಿದ್ದು ಹಿಂದಿನ ವರ್ಷದ ವಹಿವಾಟು ₹1 ಕೋಟಿ ದಾಟದಿದ್ದರೆ ಆ ಹೊಣೆ ಇಲ್ಲ. ಪಾಲುದಾರರು ಜಿಎಸ್‌ಟಿ ನೋಂದಾಯಿತರಾದರೆ ಕಮಿಷನ್ ಮೇಲೆ ಶೇ. 18 ಸೇರಿಸಿ ಬಿಲ್ ಕೊಡುತ್ತಾರೆ, ನೀವೂ ನೋಂದಾಯಿತರಾದರೆ ಆ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ, ಅಂದರೆ ನೀವು ಕಟ್ಟುವ ಜಿಎಸ್‌ಟಿಯಲ್ಲಿ ಅದನ್ನು ಕಳೆಯಬಹುದು. ಜಿಎಸ್‌ಟಿ ಕಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಬಿಡಿ.

ಲಿಂಕು ಕೋಡು
ಲಿಂಕ್ ಒಂದನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ. ಇನ್‌ಸ್ಟಾಗ್ರಾಂ ಒಳಗೆ ಲಿಂಕ್ ಒತ್ತಿದರೆ ಪುಟ ಅದರದೇ ಬ್ರೌಸರ್‌ನಲ್ಲಿ ತೆರೆಯುತ್ತದೆ. ಜನ ನೋಡಿ ಮುಚ್ಚುತ್ತಾರೆ, ಸಂಬಳ ಬಂದಮೇಲೆ ಕ್ರೋಮ್‌ನಲ್ಲಿ ಹುಡುಕಿ ಕೊಳ್ಳುತ್ತಾರೆ. ಆಗ ಯಾರ ಲಿಂಕಿನಿಂದ ಬಂದರು ಅಂತ ಬ್ರೌಸರ್‌ನಲ್ಲಿ ಉಳಿಯುವ ಗುರುತು, ಅಂದರೆ ಕುಕೀ, ಇರುವುದಿಲ್ಲ, ಮಾರಾಟ ನಿಮ್ಮ ಖಾತೆಗೆ ಹೋಗುತ್ತದೆ, ಪಾಲುದಾರರಿಗೆ ಅನುಮಾನ ಶುರು. ಲಿಂಕಿನ ಜೊತೆ ಪ್ರತಿಯೊಬ್ಬರಿಗೂ ಬೇರೆ ಕೂಪನ್ ಕೋಡ್ ಕೊಡಿ, ₹200 ರಿಯಾಯಿತಿ ಇಟ್ಟರೆ ಕೊಳ್ಳುವವರೇ ನೆನಪಿಟ್ಟು ಹಾಕುತ್ತಾರೆ. ರಿಯಾಯಿತಿ ಹೋದ ಮೇಲಿನ ಬೆಲೆಗೆ ಮೇಲಿನ ಲೆಕ್ಕವನ್ನು ಇನ್ನೊಮ್ಮೆ ಮಾಡಿ. ಕೋಡ್ ಬಾಯಲ್ಲಿ ಹೇಳುವಂತಿರಲಿ. ಸೊನ್ನೆ ಯಾವುದು, ಇಂಗ್ಲಿಷ್ ಓ ಯಾವುದು ಅಂತ ಗೊಂದಲವಾಗುವ ಅಕ್ಷರ ಬೇಡ. ಲಿಂಕ್ ಒಬ್ಬರದು, ಕೋಡ್ ಇನ್ನೊಬ್ಬರದು ಆದರೆ ಕೋಡ್ ಯಾರದೋ ಅವರಿಗೇ ಕಮಿಷನ್ ಅಂತ ಮೊದಲೇ ಬರೆದಿಡಿ.

ಪ್ರಚಾರದ ಹಿಂದಿನ ದಿನ ಪಾಲುದಾರರ ಫೋನಿನಿಂದಲೇ ₹1 ಬೆಲೆಯ ಪರೀಕ್ಷಾ ಖರೀದಿ ಮಾಡಿಸಿ, ಅವರ ಡ್ಯಾಶ್‌ಬೋರ್ಡ್‌ನಲ್ಲಿ (ಮಾರಾಟದ ಲೆಕ್ಕ ತೋರಿಸುವ ಪುಟ) ಅದು ಬಂತಾ ನೋಡಿ. ಡ್ಯಾಶ್‌ಬೋರ್ಡ್ ಇಲ್ಲದಿದ್ದರೆ ನೋಡಲು ಮಾತ್ರ ಅನುಮತಿ ಇರುವ ಗೂಗಲ್ ಶೀಟ್ ಸಾಕು: ತಾರೀಖು, ಆರ್ಡರ್ ಸಂಖ್ಯೆ, ಮೊತ್ತ, ವಾಪಸ್ ಆಯಿತೇ. ಕೊಂಡವರ ಹೆಸರು, ಫೋನ್ ನಂಬರ್ ಅದರಲ್ಲಿ ಹಾಕಬೇಡಿ. ಹಾಗೆಯೇ ಅವರ ಸಬ್‌ಸ್ಕ್ರೈಬರ್‌ಗಳ ನಂಬರ್ ಪಟ್ಟಿಯನ್ನು ನೀವು ಕೇಳಬೇಡಿ.

ಬಾಕಿ ಬಿಲ್ಲು
ಎಲ್ಲರಿಗೂ ಧನ್ಯವಾದ. ಎಜುಕೇಶನಲ್ ಮೋಡ್ ತಾರೀಖು ಈಗಲೇ ಸರಿ ಮಾಡುತ್ತೇನೆ. ಇನ್ನೊಂದು ಪ್ರಶ್ನೆ. ಒಬ್ಬರು ಎಕ್ಸೆಲ್ ಚಾನೆಲ್‌ನವರು ₹15,000 ಕೊಟ್ಟರೆ ಒಂದು ವಿಡಿಯೊದಲ್ಲಿ ಹೇಳುತ್ತೇನೆ, ಕಮಿಷನ್ ಬೇಡ ಅಂದಿದ್ದಾರೆ. ಕೊಡಬಹುದಾ? ಹಣ ವಾಪಸ್ ಆದರೆ ಕಮಿಷನ್ ಏನು ಮಾಡಬೇಕು?

ಲೆಕ್ಕದ ಪುಸ್ತಕ
ಕಮಿಷನ್ ಇಲ್ಲದಿದ್ದರೆ ಒಂದು ಮಾರಾಟಕ್ಕೆ ನಿಮಗೆ ₹1,647. ₹15,000 ವಾಪಸ್ ಬರಲು ಹತ್ತು ಮಾರಾಟ ಬೇಕು. ನೂರಕ್ಕೆ ಒಬ್ಬರು ಕೊಂಡರೂ 1,000 ಕ್ಲಿಕ್. ಅವರ ಹಿಂದಿನ ಪ್ರಾಯೋಜಿತ ವಿಡಿಯೊದಲ್ಲಿ ವಿವರಣೆಯ ಲಿಂಕಿಗೆ ಎಷ್ಟು ಕ್ಲಿಕ್ ಬಂತು ಕೇಳಿ. ಹೇಳಲು ಹಿಂಜರಿದರೆ ಕೊಡಬೇಡಿ.

ನಡುವಿನ ದಾರಿಯೊಂದಿದೆ. ₹6,000 ಮುಂಗಡ ಕೊಡಿ, ಅದು ಮೊದಲ ಕಮಿಷನ್‌ಗೆ ಹೊಂದಾಣಿಕೆ. ₹678ರ ಲೆಕ್ಕದಲ್ಲಿ ಒಂಬತ್ತನೇ ಮಾರಾಟಕ್ಕೆ ಮುಂಗಡ ತೀರುತ್ತದೆ, ಅಲ್ಲಿಂದ ಮುಂದೆ ಪ್ರತಿ ಮಾರಾಟಕ್ಕೂ ಅವರಿಗೆ ಹಣ. ಮಾರಾಟವಾಗದಿದ್ದರೂ ₹6,000 ಅವರದೇ. ಅವರ ಶ್ರಮಕ್ಕೆ ಬೆಲೆ ಸಿಕ್ಕಿತು, ನಿಮ್ಮ ನಷ್ಟಕ್ಕೂ ಮಿತಿ ಬಿತ್ತು.

ವಾಪಸ್ ವಿಚಾರ: 7 ದಿನದ ಅವಧಿ ಇಡಿ, ಅದು ಮುಗಿದ ಮಾರಾಟಕ್ಕೆ ಮಾತ್ರ ಕಮಿಷನ್. ತಿಂಗಳ ಮಾರಾಟದ ಕಮಿಷನ್ ಮುಂದಿನ ತಿಂಗಳ 10ಕ್ಕೆ ಬ್ಯಾಂಕಿಗೆ. ಅವತ್ತು ಭಾನುವಾರವಾದರೆ ಶನಿವಾರವೇ ಹಾಕಿ, ಸೋಮವಾರಕ್ಕೆ ತಳ್ಳಬೇಡಿ. ಮೊದಲ ತಿಂಗಳ ಕಮಿಷನ್ ₹678 ಮಾತ್ರ ಆಗಿದ್ದರೂ "ಕನಿಷ್ಠ ಮೊತ್ತ ಆಗಿಲ್ಲ" ಅಂತ ಹಿಡಿದಿಡಬೇಡಿ. ಎರಡನೇ ಸಲ ಪ್ರಚಾರ ಮಾಡುತ್ತಾರೋ ಇಲ್ಲವೋ ಅದರಲ್ಲೇ ತೀರ್ಮಾನವಾಗುತ್ತದೆ.

ಹಳೇ ಹುಬ್ಬಳ್ಳಿ
ಎಕ್ಸೆಲ್‌ನೋರು ಅಂದ್ರಲ್ಲ, ಅವರಿಗೆ ಬ್ಯಾರೆ ಮಾತು ಹೇಳ್ರಿ. ಅವರ ಕೋರ್ಸ್ ನಿಮ್ಮ ಹಳೇ ವಿದ್ಯಾರ್ಥಿಗಳಿಗೆ ನೀವು ಹೇಳ್ರಿ, ನಿಮ್ಮದನ್ನ ಅವರು ಹೇಳ್ಲಿ. ಟ್ಯಾಲಿ ಕಲತೋನಿಗೆ ಎಕ್ಸೆಲ್ ಬೇಕ ಬೇಕು. ನಿಮ್ಮ ಕಡೆ ಮಂದಿ ಕಡಿಮಿ ಇದ್ರೂ ಅವರು ರೊಕ್ಕಾ ಕೊಟ್ಟು ಕೊಂಡೋರು, ಅದನ್ನ ಹೇಳ್ರಿ.

ಅಕ್ಷರ
ಸುಮ್ಮನೆ ಉಲ್ಲೇಖ ಮಾಡಿಸುವ ಬದಲು ಅವರ ಚಾನೆಲ್‌ನಲ್ಲೇ ಒಂದು ಗಂಟೆ ಲೈವ್ ಕೇಳಿ ನೋಡಿ. ಅವರಿಗೆ ಪುಕ್ಕಟೆ ಒಂದು ಪಾಠ ಸಿಗುತ್ತದೆ, ಆದ್ದರಿಂದ ಹಣ ಕೇಳುವ ಮಾತು ಹಿಂದೆ ಸರಿಯುತ್ತದೆ. ಮೊದಲ 40 ನಿಮಿಷ ಪೂರ್ತಿ ಕಲಿಸಿ: ಒಂದು ಖರೀದಿ ಬಿಲ್ ತೆಗೆದುಕೊಂಡು ಎಫ್9 ಒತ್ತಿ ನಮೂದಿಸಿ, ಅದನ್ನು ಜಿಎಸ್‌ಟಿಆರ್-2ಬಿ (ನಮ್ಮ ಖರೀದಿಗಳ ತೆರಿಗೆ ಕ್ರೆಡಿಟ್ ತೋರಿಸುವ ಜಿಎಸ್‌ಟಿ ಪೋರ್ಟಲ್ ಪಟ್ಟಿ) ಜೊತೆ ತಾಳೆ ನೋಡುವವರೆಗೆ. 2ಬಿ ತಿಂಗಳ 14ಕ್ಕೆ ಬರುವುದರಿಂದ ಲೈವ್ ಅನ್ನು 15–16ಕ್ಕೆ ಇಟ್ಟರೆ ಆ ವಾರ ಇದೇ ಕೆಲಸ ಮಾಡುತ್ತಿರುವವರು ಬರುತ್ತಾರೆ. ಆಮೇಲೆ ಹತ್ತು ನಿಮಿಷ ಕೋರ್ಸ್ ಬಗ್ಗೆ, ಉಳಿದದ್ದು ಪ್ರಶ್ನೋತ್ತರ. ಬೆಲೆ ಮತ್ತು ಕೋಡ್ ಚಾನೆಲ್‌ನವರ ಬಾಯಿಂದಲೇ ಬರಲಿ. ಕೋಡ್ ಎರಡು ದಿನ ಅಂದರೆ ಎರಡೇ ದಿನ ನಡೆಯಬೇಕು. ಮೂರನೇ ದಿನವೂ ಕೆಲಸ ಮಾಡಿದರೆ ಮುಂದಿನ ಲೈವ್‌ನಲ್ಲಿ ಯಾರೂ ಆತುರಪಡುವುದಿಲ್ಲ.